ಜಾರ್ಜ್‌ಟೌನಾ, ಮಲಕ್ಕಾನಾ? ಮತ್ತೆ ಹೋಗುವವರಿಗೆ

ಮಲೇಷ್ಯಾಕ್ಕೆ ಎರಡನೇ ಸಲ ಹೊರಟಿದ್ದೀರಿ. ಈ ಸಲ ಸುಮ್ನೆ ತಿನ್ನಬೇಕು, ಅಲೆಯಬೇಕು, ಅಲ್ವಾ? ಹಾಗಾದರೆ ಪೆನಾಂಗಿನ ಜಾರ್ಜ್‌ಟೌನ್ ಅಥವಾ ಮಲಕ್ಕಾ. ಎರಡೂ ಹಳೇ ಬಂದರು ಊರುಗಳು, 2008ರಲ್ಲಿ ಒಟ್ಟಿಗೇ ಯುನೆಸ್ಕೊ ಪಟ್ಟಿಗೆ ಸೇರಿದವು.

ಊಟಕ್ಕೆ ನನ್ನ ಓಟು ಜಾರ್ಜ್‌ಟೌನಿಗೆ. ಅಸಾಮ್ ಲಕ್ಸಾ ಅನ್ನುವ ಹುಳಿ ಮೀನಿನ ನೂಡಲ್ಸ್ ಸಾರಿನ ಬಟ್ಟಲು ಮುಂದೆ ಬಂದರೆ ಮೊದಲು ಹುಣಸೆಹುಳಿ ಮೂಗಿಗೆ ಬಡಿಯುತ್ತದೆ. ಆಮೇಲೆ ಬಂಗುಡೆ, ಪುದೀನ, ಮೇಲೊಂದು ಚಮಚ ಕಪ್ಪು ಸೀಗಡಿ ಪೇಸ್ಟ್. ನಮ್ಮ ಕರಾವಳಿಯವರಿಗೆ ಈ ಹುಳಿ-ಮೀನಿನ ಜೋಡಿ ತಕ್ಷಣ ಹಿಡಿಸುತ್ತದೆ. ತಮಿಳು ಮುಸ್ಲಿಮರ ನಾಸಿ ಕಂದರ್ ಅಂಗಡಿಯಲ್ಲಿ ಅನ್ನದ ಮೇಲೆ ಎರಡು ಮೂರು ಸಾರು ಬೆರೆಸಿ ಹಾಕಿಸಿಕೊಳ್ಳಿ, ರುಚಿ ಇರುವುದೇ ಆ ಬೆರಕೆಯಲ್ಲಿ. ಸಸ್ಯಾಹಾರಿಗಳಿಗೆ ಲಿಟಲ್ ಇಂಡಿಯಾದಲ್ಲಿ ಬಾಳೆಎಲೆ ಊಟ ಇದೆ.

ಮಲಕ್ಕಾದಲ್ಲಿ ನಾನು ಹುಡುಕಿ ತಿನ್ನುವುದು ಎರಡೇ: ಉಂಡೆ ಕಟ್ಟಿದ ಅನ್ನದ ಜೊತೆ ಕೋಳಿ, ತಾಳೆಬೆಲ್ಲ, ತೆಂಗಿನಹಾಲಿನ ತಣ್ಣನೆ ಸಿಹಿ ಚೆಂಡೋಲ್. ಆದರೆ ಕಾಲಿಗೆ ಇದೇ ಹಗುರ. ನದಿ ದಂಡೆ, 1753ರಲ್ಲಿ ಕಟ್ಟಿ ಮುಗಿಸಿದ ಕೆಂಪು ಚರ್ಚು, ಜೋಂಕರ್ ಬೀದಿ ಎಲ್ಲ ಹತ್ತಿರ ಹತ್ತಿರ. ವಾರಾಂತ್ಯದ ರಾತ್ರಿ ಸಂತೆಯಲ್ಲಿ ಮಾತ್ರ ಜನ ಜಾಸ್ತಿ.

ಎರಡೇ ದಿನ ಇದ್ದರೆ ಮಲಕ್ಕಾ. ಕ್ವಾಲಾಲಂಪುರದಿಂದ ಬಸ್ಸಲ್ಲಿ ಸುಮಾರು ಎರಡು ಗಂಟೆ. ನಾಲ್ಕು ದಿನ ಸಿಕ್ಕರೆ ಜಾರ್ಜ್‌ಟೌನ್. ಬೆಳಿಗ್ಗೆ ಬೇಗ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಚೀನೀಯರ ಕೇರಿ ಚ್ಯೂ ಜೆಟ್ಟಿಯ ಮರದ ದಾರಿಯಲ್ಲಿ ನಡೆಯಿರಿ, ಹಲಗೆ ಸಂದಿಯಲ್ಲಿ ಕಾಲ ಕೆಳಗೇ ಸಮುದ್ರ ಕಾಣುತ್ತದೆ.