ದೇವರಾಯನದುರ್ಗವೋ ನಂದಿಬೆಟ್ಟವೋ: ನಮ್ಮ ಸೀಮೆಯ ಮರಗಳನ್ನು ನೋಡಲು ಎಲ್ಲಿಗೆ ಹೋಗಬೇಕು?

ನೀರಿನ ನೆಲೆಯನ್ನೂ ಅದರ ಸುತ್ತಲಿನ ಕಾಡನ್ನೂ ಒಂದೇ ಬೆಳಗಿನಲ್ಲಿ ನೋಡಬೇಕೆನ್ನುವ ತುಮಕೂರಿನವರ ಮುಂದೆ ಎರಡು ಬೆಟ್ಟಗಳಿವೆ: ಊರಿನ ಮಗ್ಗುಲಿನ ದೇವರಾಯನದುರ್ಗ ಮತ್ತು ಚಿಕ್ಕಬಳ್ಳಾಪುರದ ನಂದಿ. ಎರಡನ್ನೂ ಬೇರೆ ಬೇರೆ ಕಾಲಗಳಲ್ಲಿ ನಡೆದು ನೋಡಿದ ಮೇಲೆ, ಈ ನೆಲದ ಮರಗಳನ್ನೇ ಹುಡುಕಿ ಹೊರಟವರಿಗೆ ನಾನು ದೇವರಾಯನದುರ್ಗವನ್ನೇ ಸೂಚಿಸುತ್ತೇನೆ.

ನಂದಿಬೆಟ್ಟದ ಎತ್ತರ 1,478 ಮೀಟರ್. ಮೇಲಿನ ಅಮೃತ ಸರೋವರದ ಕಲ್ಲಿನ ಮೆಟ್ಟಿಲುಗಳ ಮೇಲೆ ಮಂಜು ಕವಿದ ಹೊತ್ತಿನಲ್ಲಿ ಕುಳಿತುಕೊಳ್ಳುವುದು ನಿಜಕ್ಕೂ ಸುಖ. ಆದರೆ ಅಲ್ಲಿ ತಲೆಯೆತ್ತಿ ನಿಂತಿರುವ ಮರಗಳಲ್ಲಿ ಅನೇಕವು ನೀಲಗಿರಿ, ಅಂದರೆ ಆಸ್ಟ್ರೇಲಿಯಾ ಮೂಲದವು. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ಕಾಲಕ್ಕೆ ಅವನ್ನು ಇಲ್ಲಿ ನೆಡಲಾಯಿತೆಂಬುದು ಪ್ರಚಲಿತ ಇತಿಹಾಸ. ಮುಂದೆ ಕೋಲಾರ ಸೀಮೆಯ ಹೊಲಗಳವರೆಗೂ ಹಬ್ಬಿದ 'ಮೈಸೂರು ಗಮ್' ತಳಿಯ ಮೂಲವೂ ಇದೇ ಬೆಟ್ಟ. ಹಾಗೆಂದು ನಂದಿಯನ್ನು ಕಡೆಗಣಿಸುವಂತಿಲ್ಲ. ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳವು ಅಷ್ಟು ದೂರದ ಈ ಬೆಟ್ಟದಲ್ಲೂ ನೆಲೆಸಿರುವುದರಿಂದ, ಹಕ್ಕಿ ನೋಡುವವರಿಗೆ ಚಳಿಗಾಲದ ನಂದಿಯೇ ಮೇಲು. ವಾರದ ಕೊನೆಯ ಜನಸಂದಣಿಯನ್ನು ಮಾತ್ರ ತಪ್ಪಿಸಿಕೊಳ್ಳಬೇಕು.

ದೇವರಾಯನದುರ್ಗದ ದಾರಿಯಲ್ಲಿ ಮೊದಲು ಸಿಗುವುದು ನಾಮದ ಚಿಲುಮೆ. ನಾಮವಿಟ್ಟುಕೊಳ್ಳಲು ನೀರಿಲ್ಲದಾಗ ಶ್ರೀರಾಮನು ಬಾಣ ಹೊಡೆದು ಬಂಡೆಯಿಂದ ನೀರು ತರಿಸಿದನೆಂಬ ಕಥೆಯ ಈ ಒರತೆ ಬೇಸಿಗೆಯಲ್ಲೂ ಬತ್ತದು. ಸರೋವರದ ವಿಸ್ತಾರ ಇಲ್ಲಿಲ್ಲ. ಆದರೆ ಜಯಮಂಗಲಿ, ಶಿಂಷಾ ನದಿಗಳೆರಡೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ ಎಂಬುದನ್ನು ನೆನೆದರೆ, ಈ ಕಾಡನ್ನು ಕಾಪಾಡಿಕೊಳ್ಳಬೇಕಾದ ಕಾರಣ ತಾನಾಗಿ ತಿಳಿಯುತ್ತದೆ. ಇದು ಎಲೆ ಉದುರಿಸುವ ಒಣಕಾಡು. ದಿಂಡಿಗ, ಹೊನ್ನೆ, ಕಕ್ಕೆ, ಮುತ್ತುಗ ಇವೆಲ್ಲ ಸಿಗುತ್ತವೆಯಾದರೂ ನನ್ನ ಮನಸ್ಸು ನಿಲ್ಲುವುದು ಜಾಲಾರಿಯ ಮುಂದೆ. ಉತ್ತರ ಭಾರತದ ಸಾಲವೃಕ್ಷದ ಹತ್ತಿರದ ಬಂಧುವಾದ ಈ ಮರ ಎಲೆಯುದುರಿದ ಕಾಲದಲ್ಲೇ ಕೆನೆಬಣ್ಣದ ಹೂ ತಳೆದು ಇಡೀ ದಾರಿಗೆ ಪರಿಮಳ ಹರಡುತ್ತದೆ. ಬೇಸಿಗೆಯಲ್ಲಿ ಅದರ ಬೀಜವೊಂದನ್ನು ಅಂಗೈಯಲ್ಲಿಟ್ಟು ನೋಡಿ: ಮೂರು ಉದ್ದನೆಯ, ಎರಡು ಗಿಡ್ಡನೆಯ ರೆಕ್ಕೆಗಳು. ಗಾಳಿಗೆ ಬಿಟ್ಟರೆ ಗಿರಗಿಟ್ಲೆಯಂತೆ ಸುತ್ತುತ್ತ ತಾಯಿಮರದಿಂದ ದೂರ ಹೋಗಿ ಇಳಿಯುತ್ತದೆ.

ಕೋಲಾರದ ಅಂತರಗಂಗೆಯನ್ನೂ ಕೆಲವರು ಈ ಸಾಲಿಗೆ ಸೇರಿಸುತ್ತಾರೆ. ಕಲ್ಲು ಬಸವನ ಬಾಯಿಂದ ಸುರಿಯುವ ನೀರಿಗಾಗಿ ಅಲ್ಲಿಗೆ ಹೋಗಬಹುದು. ಆದರೆ ಅಲ್ಲಿ ಕಣ್ತುಂಬುವುದು ಬಂಡೆಗಳೇ ಹೊರತು ಮರಗಳಲ್ಲ.

ದೇವರಾಯನದುರ್ಗದಲ್ಲಿ ಚಿರತೆಯೂ ಕರಡಿಯೂ ಇರುವುದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಸ್ತೆ ಬಿಟ್ಟು ಒಳಗೆ ನಡೆಯಬಾರದು. ಬೇಸಿಗೆಯಲ್ಲಿ ಉದುರಿದ ಎಲೆ ಮೊಣಕಾಲುದ್ದ ಪೊದೆಗಳ ನಡುವೆ ಒಣಗಿ ಬಿದ್ದಿರುತ್ತದೆ. ಒಂದು ಬೀಡಿಯ ಕಿಡಿಗೆ ಆ ವರ್ಷದ ಜಾಲಾರಿ ಸಸಿಗಳೆಲ್ಲ ಸುಟ್ಟುಹೋಗಬಹುದಾದ್ದರಿಂದ, ಬೆಂಕಿಪೊಟ್ಟಣವನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.