ಅಂಡಮಾನಿಗೆ ಜನವರಿಯಲ್ಲೋ, ಮಾರ್ಚಿನಲ್ಲೋ?

ಜನವರಿಯಲ್ಲಿ ಸೆಕೆ ಕಡಿಮೆ, ಆಕಾಶ ಶುಭ್ರ. ಆದರೆ ಹೊಸವರ್ಷದ ಗದ್ದಲ ಇಳಿಯುವವರೆಗೆ ರೂಮು, ವಿಮಾನ ಎರಡೂ ದುಬಾರಿ. ಸಂಜೆ 5.30ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಸೂರ್ಯಾಸ್ತ ನೋಡಲು ಸ್ವರಾಜ್ ದ್ವೀಪದ (ಹಳೆಯ ಹೆಸರು ಹ್ಯಾವ್ಲಾಕ್) ರಾಧಾನಗರ ಬೀಚಿಗೆ 4 ಗಂಟೆಗೇ ಹೋಗಿಬಿಡಿ.

ಮಾರ್ಚಿನಲ್ಲಿ ಬಿಸಿಲು ಚುರುಗುಟ್ಟುತ್ತದೆ, ಮೈಯೆಲ್ಲ ಬೆವರು. ಆದರೂ ಕಡಲು ಶಾಂತ, ನೀರು ತಿಳಿ. ಹವಳ ನೋಡಲು ಸ್ಕೂಬಾ, ಸ್ನಾರ್ಕೆಲಿಂಗ್ ಮಾಡುವವರಿಗೆ ಒಳ್ಳೆಯ ಕಾಲ. ಸ್ವರಾಜ್ ದ್ವೀಪದ ಫೆರಿಯಲ್ಲಿ ಹೊಟ್ಟೆ ತೊಳಸುವುದೂ ಕಡಿಮೆ. ವಯಸ್ಸಾದ ಅಪ್ಪ ಅಮ್ಮನ ಜೊತೆಗಾದರೆ ಜನವರಿಯ ಕೊನೆಯ ವಾರ; ನೀರಿಗಿಳಿಯುವ ಆಸೆಯಿದ್ದರೆ ಮಾರ್ಚೇ ಸರಿ ಎನ್ನುತ್ತೇನೆ.

ದಸರಾ ರಜೆಗೆ ಮಾತ್ರ ಬೇಡ. ಮೇಯಿಂದ ಮುಂಗಾರು, ಅದರ ಬೆನ್ನಿಗೇ ಹಿಂಗಾರು, ಎರಡೂ ಅಲ್ಲಿ ಸುರಿಯುತ್ತವೆ. ಕಡಲು ಕೆರಳಿದರೆ ಫೆರಿ ನಿಲ್ಲುತ್ತದೆ, ವಾಪಸ್ ವಿಮಾನ ತಪ್ಪುತ್ತದೆ.