ಹುಬ್ಬಳ್ಳಿಯ ಈ ಮಕ್ಕಳ ಆಸ್ಪತ್ರೆ: ಆಪರೇಷನ್, ಐಸಿಯು, ಆಮೇಲೆ ಬಂದ ಕೀವು

ನಾನು ಅಣ್ಣಿಗೇರಿ ಕಡೆಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ತಂಗಿಯ ಎಂಟು ತಿಂಗಳ ಗಂಡು ಕೂಸನ್ನು ಎತ್ತಿಕೊಂಡು ಇಲ್ಲಿಗೆ ಬಂದಿದ್ದೆವು. ಆಪರೇಷನ್ ಆದ ಮೇಲೂ ತೊಂದರೆ ಬಂತು. ಬಂದದ್ದನ್ನು ಇವರು ಒಂದು ಚೂರೂ ಮುಚ್ಚಿಡಲಿಲ್ಲ. ಇಷ್ಟು ಬರೆಯಲು ಕೂತದ್ದು ಅದಕ್ಕಾಗಿಯೇ.

ಕೂಸು ಇದ್ದಕ್ಕಿದ್ದಂತೆ ಕಿರುಚಿ ಕಾಲುಗಳನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿತ್ತು, ಸ್ವಲ್ಪ ಹೊತ್ತು ಬಾಡಿ ಮಲಗುತ್ತಿತ್ತು, ಮತ್ತೆ ಕಿರುಚುತ್ತಿತ್ತು. ಊರ ಹತ್ತಿರದ ಕ್ಲಿನಿಕ್ಕಿನಲ್ಲಿ ಆಮಶಂಕೆ ಎಂದು ಔಷಧ ಕೊಟ್ಟು ಕಳಿಸಿದ್ದರು. ಮರುದಿನ ಹಸಿರು ವಾಂತಿ, ರಕ್ತ ಬೆರೆತ ಲೋಳೆ. ಇಲ್ಲಿ ಬಂದ ಕೂಡಲೇ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರು. ಸರ್ಜನ್ ಹೇಳಿದ್ದು ಹೀಗೆ: "ನೋಡ್ರಿ ಅಕ್ಕಾರ, ಅಂಗಿ ತೋಳು ಒಳಗ ಮಡಚಿಕೊಂಡಂಗ ಸಣ್ಣ ಕರುಳು ದೊಡ್ಡ ಕರುಳಿನೊಳಗ ಹೊಕ್ಕೊಂಡೈತಿ. ರಕ್ತ ಹರಿಯೋದು ನಿಂತ್ರ ಅಷ್ಟು ಭಾಗ ಸಾಯ್ತೈತಿ." ಇಂಟಸಸೆಪ್ಷನ್ ಎನ್ನುತ್ತಾರೆ. ಬೇಗ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಗುದದ್ವಾರದಿಂದ ಗಾಳಿ ಇಲ್ಲವೇ ನೀರು ಬಿಟ್ಟೇ ಸರಿಪಡಿಸುತ್ತಾರಂತೆ. ನಮ್ಮ ಕೂಸಿನ ಹೊಟ್ಟೆ ಆಗಲೇ ಗಟ್ಟಿಯಾಗಿತ್ತು, ಗಾಳಿ ಬಿಟ್ಟರೆ ಅಪಾಯ. ಹೊಟ್ಟೆ ಕೊಯ್ಯಲೇಬೇಕಾಯಿತು.

ಸಹಿ ಹಾಕಿಸಿಕೊಳ್ಳುವ ಮುಂಚೆ ಅವರು ಕೇಸ್ ಪೇಪರಿನ ಹಿಂದೆ ಕರುಳಿನ ಚಿತ್ರ ಬರೆದರು. ಕಪ್ಪಾದ ಭಾಗ ತೆಗೆದು ಎರಡು ತುದಿ ಜೋಡಿಸಬೇಕಾಗಬಹುದು. ಜೋಡಿಸಿದ ಜಾಗ ಸೋರಿದರೆ ಮತ್ತೊಂದು ಆಪರೇಷನ್. ಗಾಯ ಕೀವು ಹಿಡಿಯಬಹುದು. ಎಷ್ಟೋ ವರ್ಷದ ಮೇಲೂ ಕರುಳು ಒಂದಕ್ಕೊಂದು ಅಂಟಿ ದಾರಿ ಕಟ್ಟಬಹುದು. ತಂಗಿಯ ಮಾವನಿಗೆ ಸಿಟ್ಟು ಬಂತು, "ಶುರುವಿಗೇ ಯಾಕ್ರಿ ಕೆಟ್ಟ ಮಾತು?" ಅಂದರು. "ಯಜ್ಜಾ, ಈಗ ಹೇಳಿದ್ರ ನಾಳೆ ನೀವು ಗಾಬರಿ ಆಗಂಗಿಲ್ಲ" ಎಂದರು ಸರ್ಜನ್, ಮತ್ತು ಮೊದಲಿಂದ ಇನ್ನೊಮ್ಮೆ ಹೇಳಿದರು. ರಾತ್ರಿ ಹೊತ್ತು, ಅಷ್ಟು ಅವಸರದಲ್ಲಿ!

ಕಪ್ಪಾದ ಕರುಳು ತೆಗೆದರು. ಆಮೇಲೆ ಐಸಿಯುನಲ್ಲಿ ವೆಂಟಿಲೇಟರ್. ಒಳಗೆ ಬಿಟ್ಟಾಗಲೆಲ್ಲ ನಾನು ನರ್ಸುಗಳ ಕೈಯನ್ನೇ ನೋಡುತ್ತಿದ್ದೆ. ಕೂಸನ್ನು ಮುಟ್ಟುವ ಮುಂಚೆ ಪ್ರತಿ ಸಲ ಕೈಗೆ ದ್ರಾವಣ ಹಚ್ಚಿ ಉಜ್ಜುತ್ತಿದ್ದರು. ಶ್ವಾಸಕೋಶಕ್ಕೆ ಸೋಂಕು ತಗಲಬಾರದೆಂದು ಹಾಸಿಗೆಯ ತಲೆ ಭಾಗ ಎತ್ತರಿಸಿದ್ದರು. ಉಚ್ಚೆಯನ್ನೂ ಅಳೆದು ಬರೆಯುತ್ತಿದ್ದರು: ಕೆ.ಜಿ.ಗೆ ತಾಸಿಗೆ 1 ಎಂ.ಎಲ್. ಆದರೂ ಬರಬೇಕು, 8 ಕೆ.ಜಿ. ಕೂಸಿಗೆ 8 ಎಂ.ಎಲ್. ದಿನಾ ಮಕ್ಕಳ ತೂಕ ಬರೆಯುವವಳಾದ ನನಗೆ ಆ ಲೆಕ್ಕ ತಟ್ಟನೆ ತಿಳಿಯಿತು. ಕೇಳಿದಾಗಲೆಲ್ಲ ತೋರಿಸಿದರು, ಯಾರೂ ಗದರಲಿಲ್ಲ.

ನಳಿಕೆ ತೆಗೆದು ಹಾಲು ಶುರು ಮಾಡಿದ ಮೇಲೆ ಜ್ವರ ಬಂತು, ಹೊಲಿಗೆ ಕೆಂಪಾಗಿ ಕೀವು ಸುರಿಯಿತು. ದೊಡ್ಡ ಸರ್ಜನ್ ತಾವೇ ಬಂದು ತಂಗಿಯ ಪಕ್ಕ ಕೂತು, "ಮೊದಲ ಹೇಳಿದ್ದೆವಲ್ಲವಾ, ಅದರಾಗ ಒಂದು ಬಂದೈತಿ" ಅಂದರು. ಎರಡು ಹೊಲಿಗೆ ಬಿಚ್ಚಿ ಕೀವು ಪರೀಕ್ಷೆಗೆ ಕಳಿಸಿದರು, ರಿಪೋರ್ಟ್ ನೋಡಿ ಔಷಧ ಬದಲಿಸಿದರು. ಒಳಗೆ ಸೋರಿದೆಯೇ ಎಂದು ಮತ್ತೆ ಸ್ಕ್ಯಾನಿಂಗ್, ಸೋರಿರಲಿಲ್ಲ. ಮೊದಲ ರಾತ್ರಿ ಸಿಟ್ಟು ಮಾಡಿದ್ದ ಮಾವನೇ ಆ ಹೊತ್ತು ತಂಗಿಗೆ ಧೈರ್ಯ ಹೇಳಿದರು.

ಕರುಳು ಹೀಗೆ ಹೊಕ್ಕಿಕೊಂಡದ್ದನ್ನು ಊರಲ್ಲಿ ಕೆಲವರು ಭೇದಿ ತಡೆಯುವ ರೋಟಾವೈರಸ್ ಲಸಿಕೆಗೆ ಅಂಟಿಸಿದರು. ಆ ಹನಿ ಹಾಕುವುದು 6, 10, 14 ವಾರಕ್ಕೆ. ಅದರಿಂದ ಈ ತೊಂದರೆ ಬರುವುದು ತೀರಾ ಅಪರೂಪ, ಬಂದರೂ ಹಾಕಿದ ಹತ್ತಿರದ ದಿನಗಳಲ್ಲಿ. ಎಂಟು ತಿಂಗಳ ಕೂಸಿಗೆ ಸಂಬಂಧವಿಲ್ಲ. ದಯವಿಟ್ಟು ಲಸಿಕೆ ತಪ್ಪಿಸಬೇಡಿ.

ಇನ್ನು ಕೊರತೆ. ಐಸಿಯು ಹೊರಗೆ ತಾಯಂದಿರಿಗೆ ಹಾಲು ಹಿಂಡಲು ಜಾಗವೇ ಇಲ್ಲ. ತಂಗಿ ಮೆಟ್ಟಿಲ ಕೆಳಗೆ ಸೆರಗು ಮರೆ ಮಾಡಿಕೊಂಡು ಹಿಂಡಿದಳು. ಔಷಧ ಚೀಟಿ ಹಿಡಿದು ನಡುರಾತ್ರಿ ಓಡಬೇಕು. ಬಿಪಿಎಲ್ ಕಾರ್ಡಿದ್ದವರು ಬಂದ ಕೂಡಲೇ ಸರ್ಕಾರದ ಚಿಕಿತ್ಸಾ ನೆರವಿನ ಯೋಜನೆಯಾದ ಆರೋಗ್ಯ ಕರ್ನಾಟಕದ ಕೌಂಟರಿಗೆ ಹೋಗಿ, ಅಲ್ಲಿ ಕೆಲಸ ನಿಧಾನ.

ಡಿಸ್ಚಾರ್ಜ್ ಕಾಗದ ಪೂರಾ ಇಂಗ್ಲಿಷಿನಲ್ಲಿದೆ. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ನಾನೇ ತಾಯಿ ಕಾರ್ಡಿನ ಹಿಂದೆ ಬರೆದುಕೊಂಡೆ: ಹಸಿರು ವಾಂತಿ, ಹೊಟ್ಟೆ ಉಬ್ಬರ, ಮಲ ಗಾಳಿ ಎರಡೂ ನಿಲ್ಲುವುದು, ಬಿಟ್ಟು ಬಿಟ್ಟು ಅಳು. ಯಾವುದು ಕಂಡರೂ, ಎಷ್ಟು ವರ್ಷದ ಮೇಲಾದರೂ, ಕೂಡಲೇ ಆಸ್ಪತ್ರೆಗೆ. ಈ ನಾಲ್ಕು ಸಾಲನ್ನು ಆಸ್ಪತ್ರೆಯವರೇ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕು.